ಬಾಣಂತನಕ್ಕೆ ಹೋಗಿ ಕಂಡ ಚೆಂಡಾಟದ ಊರು

ತಂಗಿಯ ಬಾಣಂತನ ಮಾಡಲು ಹೋದವಳು ಚೆಂಡಾಟದ ಕಥೆ ಹೊತ್ತು ತಂದಿದ್ದೇನೆ ಅಂದರೆ ನಮ್ಮ ಬೀದಿಯ ಹೆಂಗಸರೆಲ್ಲ ನಗುತ್ತಾರೆ. ನಗಲಿ ಬಿಡಿ. 2024ರ ಆಗಸ್ಟ್‌ನಲ್ಲಿ ಅಂಟಿನುಂಡೆ, ಕೊಬ್ಬರಿ, ಮೆಣಸಿನ ಸಾರಿನ ಪುಡಿ ಎಲ್ಲವನ್ನೂ ಕಟ್ಟಿಕೊಂಡು, ಜೀವಮಾನದಲ್ಲಿ ಮೊದಲ ಸಲ ವಿಮಾನ ಹತ್ತಿ, ಉತ್ತರ ಐರ್ಲೆಂಡಿನ ನ್ಯೂರಿ ಎಂಬ ಊರಿಗೆ ಹೋದೆ. ತಂಗಿ ಅಲ್ಲಿ ನರ್ಸು. ಚೊಚ್ಚಲ ಹೆರಿಗೆ. ಅಮ್ಮನಿಗೆ ಮಂಡಿನೋವು, ಅಷ್ಟು ದೂರ ಹೋಗಲಾರರು. ಹಾಗಾಗಿ ನನ್ನ ಪಾಲಿಗೆ ಬಂತು.

ಬೆಲ್ಫಾಸ್ಟ್‌ನಲ್ಲಿ ಇಳಿದು ಕಾರಿನಲ್ಲಿ ನ್ಯೂರಿ ಹತ್ತಿರ ಬರುತ್ತಿದ್ದ ಹಾಗೆ ಕಂಬಕ್ಕೊಂದು ಬಾವುಟ, ಮನೆಗೊಂದು ಬಾವುಟ. ಕಿತ್ತಳೆ, ಬಿಳಿ.

"ಏನೇ ಇದು, ಇಲ್ಲೂ ಚುನಾವಣೆಯಾ?" ಅಂದೆ.

"ಚುನಾವಣೆ ಅಲ್ಲಕ್ಕಾ, ಅರ್ಮಾ ಗೆದ್ದಿದೆ" ಅಂದಳು ತಂಗಿ.

ಅರ್ಮಾ ಅನ್ನುವುದು ಒಂದು ಕೌಂಟಿ, ನಮ್ಮ ಜಿಲ್ಲೆಯ ಹಾಗೆ. ಇಡೀ ಐರ್ಲೆಂಡಿನಲ್ಲಿ ಅಂಥವು 32. ಅವರದೇ ಆದ ಗೇಲಿಕ್ ಫುಟ್‌ಬಾಲ್ ಅಂತ ಒಂದು ಆಟವಿದೆ. ಆ ವರ್ಷ ಜುಲೈ 28ರಂದು ಡಬ್ಲಿನ್ನಿನ ಕ್ರೋಕ್ ಪಾರ್ಕಿನಲ್ಲಿ ಅರ್ಮಾ ತಂಡ ಗಾಲ್ವೇ ತಂಡವನ್ನು ಒಂದೇ ಒಂದು ಅಂಕದಿಂದ ಸೋಲಿಸಿ ಸ್ಯಾಮ್ ಮಗ್ವಾಯರ್ ಕಪ್ಪನ್ನು ತಂದಿತ್ತು. ಅದರ ಚರಿತ್ರೆಯಲ್ಲೇ ಎರಡನೆಯ ಸಲ. ಮೊದಲನೆಯದು 2002ರಲ್ಲಿ. ಹಾಗಿದ್ದ ಮೇಲೆ ಬಾವುಟ ಇಳಿಸುವ ಮನಸ್ಸು ಯಾರಿಗೆ ಬಂದೀತು?

ತಂಗಿಯ ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ಬಾಣಂತಿಗೆ ಸೊಪ್ಪಿನ ಸಾರು ಕುದಿಸುವ ವಾಸನೆಗೆ ಒಂದು ದಿನ ಬಾಗಿಲು ತಟ್ಟಿ ಬಂದವರು ಆಮೇಲೆ ದಿನವೂ ಬರತೊಡಗಿದರು. ನನ್ನ ಇಂಗ್ಲಿಷು ಹೈಸ್ಕೂಲಿನದು. ಅವರ ಇಂಗ್ಲಿಷು ಬಲು ವೇಗದ್ದು. ನಡುವೆ ತಂಗಿ ಮಲಗಿದ ಕಡೆಯಿಂದಲೇ ಕನ್ನಡಕ್ಕೆ ತಿರುಗಿಸುತ್ತಿದ್ದಳು. ಬಾವುಟದ ಮಾತು ಎತ್ತಿದಾಗ ಅಜ್ಜಿ ಹೇಳಿದ್ದಿಷ್ಟು: "ಕೌಂಟಿ ಗೆದ್ದದ್ದು ಸರಿ. ಆದರೆ ಬೇರು ಇರೋದು ಹಳ್ಳಿಯ ಕ್ಲಬ್ಬಿನಲ್ಲಿ. ನಮ್ಮೂರಿಗೆ ಬಾ, ತೋರಿಸ್ತೀನಿ."

ಅವರ ಊರು ಅಂದರೆ ತವರು, ಕ್ರಾಸ್‌ಮಗ್ಲೆನ್. ತವರಿನ ಹೆಸರು ಹೇಳುವಾಗ ಆ ವಯಸ್ಸಿನಲ್ಲೂ ಮುಖ ಅರಳಿದ್ದು ನೋಡಿ ನನಗೆ ಬೇರೇನೂ ವಿವರಣೆ ಬೇಕಾಗಲಿಲ್ಲ.

ಮಗುವಿಗೆ ತಿಂಗಳು ತುಂಬಿದ ಮೇಲೆ ಒಂದು ಶನಿವಾರ ಹೊರಟೆವು. "ಬಾಣಂತಿಗೆ ಗಾಳಿ ತಾಗುತ್ತೆ ಕಣೆ" ಅಂತ ನಾನೆಷ್ಟು ಹೇಳಿದರೂ ಕೇಳದೆ ತಂಗಿ ಕೂಸನ್ನು ಸುತ್ತಿಕೊಂಡು ಕೂತೇಬಿಟ್ಟಳು. ಅವಳ ಗಂಡ ಕಾರು ಓಡಿಸಿದರು. ಒಂದು ಪಕ್ಕ ಸ್ಲೀವ್ ಗಲಿಯನ್ ಎಂಬ ಬೆಟ್ಟ, ಅದರ ತಲೆಗೆ ಮೋಡದ ಮುಂಡಾಸು. ಎಲ್ಲಿ ನೋಡಿದರೂ ಹುಲ್ಲು, ಕಲ್ಲಿನ ಗೋಡೆ, ಬೇಲಿ, ದನ, ಕುರಿ. ಅರ್ಧ ಗಂಟೆಯಲ್ಲಿ ಊರು ಬಂತು. ಎರಡು ಸಾವಿರ ಜನವೂ ಇಲ್ಲದ ಊರಿಗೆ ದೊಡ್ಡ ಸಂತೆ ಚೌಕ. ದಕ್ಷಿಣಕ್ಕೆ ಒಂದೆರಡು ಮೈಲಿ ಹೋದರೆ ಗಡಿ, ಆಚೆ ಇನ್ನೊಂದು ದೇಶ.

ಈ ಪುಟ್ಟ ಊರಿನ ಕ್ರಾಸ್‌ಮಗ್ಲೆನ್ ರೇಂಜರ್ಸ್ ಕ್ಲಬ್ಬು ಅಖಿಲ ಐರ್ಲೆಂಡ್ ಕ್ಲಬ್ ಚಾಂಪಿಯನ್ ಪಟ್ಟವನ್ನು ಆರು ಸಲ ಗೆದ್ದಿದೆ. 1997, 1999, 2000, 2007, 2011, 2012. ಅಜ್ಜಿ ಆ ಇಸವಿಗಳನ್ನು ಮೊಮ್ಮಕ್ಕಳ ಹುಟ್ಟಿದ ವರ್ಷದ ಹಾಗೆ ಬೆರಳು ಮಡಿಸಿ ಎಣಿಸಿದರು.

ಕ್ಲಬ್ಬು ಅಂದ ಕೂಡಲೇ ಇಸ್ಪೀಟು, ಕುಡಿತ ಅಂತ ನಾನು ತಿಳಿದಿದ್ದೆ. ಅದಲ್ಲ. 1884ರಲ್ಲಿ, ಐರ್ಲೆಂಡ್ ಇಂಗ್ಲಿಷರ ಆಳ್ವಿಕೆಯಲ್ಲಿದ್ದಾಗ, ಮೈಕೆಲ್ ಕ್ಯೂಸಾಕ್ ಮತ್ತು ಅವರ ಸಂಗಡಿಗರು ಥರ್ಲೆಸ್ ಎಂಬ ಊರಿನ ಹೋಟೆಲೊಂದರಲ್ಲಿ ಸೇರಿ, ನಮ್ಮ ಆಟ ನಾವು ಉಳಿಸಿಕೊಳ್ಳೋಣ ಅಂತ ಒಂದು ಸಂಘ ಕಟ್ಟಿದರು. ಮೂರೇ ವರ್ಷಕ್ಕೆ, 1887ರಲ್ಲಿ, ಕ್ರಾಸ್‌ಮಗ್ಲೆನ್ ಕ್ಲಬ್ಬು ಹುಟ್ಟಿತು. ಯಾವ ಊರಿನವರೋ ಆ ಊರಿನ ಕ್ಲಬ್ಬಿಗೇ ಆಡುವುದು ಸಂಪ್ರದಾಯ. ಅಪ್ಪ ಆಡಿದ ಅಂಗಿಯ ಬಣ್ಣವೇ ಮಗನಿಗೂ. ಆಟಕ್ಕೆ ಸಂಬಳವಿಲ್ಲ. ಎಂಬತ್ತು ಸಾವಿರ ಜನರೆದುರು ಆಡಿದವನೂ ಸೋಮವಾರ ಬೆಳಿಗ್ಗೆ ಶಾಲೆಗೆ ಪಾಠ ಮಾಡಲಿಕ್ಕೋ, ಗಾರೆ ಕೆಲಸಕ್ಕೋ ಹೋಗಬೇಕು. ಇದನ್ನು ಕೇಳಿ ನನಗೆ ನಂಬಿಕೆಯೇ ಬರಲಿಲ್ಲ. ತಂಗಿ ಎರಡು ಸಲ ಹೇಳಬೇಕಾಯಿತು.

ಆಟ ಹೇಗೆ ಅಂದರೆ, ಒಂದೊಂದು ಕಡೆ ಹದಿನೈದು ಜನ. ಚೆಂಡನ್ನು ಕೈಯಲ್ಲೂ ಹಿಡಿಯಬಹುದು, ಕಾಲಲ್ಲೂ ಒದೆಯಬಹುದು. ಆದರೆ ಕೈಯಲ್ಲಿ ಹಿಡಿದುಕೊಂಡು ನಾಲ್ಕು ಹೆಜ್ಜೆಗಿಂತ ಹೆಚ್ಚು ಓಡುವಂತಿಲ್ಲ. ನೆಲಕ್ಕೆ ಒಮ್ಮೆ ಪುಟಿಸಬೇಕು, ಇಲ್ಲವೇ ಕಾಲ್ಬೆರಳಿನಿಂದ ಮೇಲಕ್ಕೆ ಚಿಮ್ಮಿಸಿ ಮತ್ತೆ ಹಿಡಿಯಬೇಕು. ಎರಡು ಕಂಬ, ನಡುವೆ ಅಡ್ಡ ತೊಲೆ. ತೊಲೆಯ ಕೆಳಗೆ ಬಲೆಗೆ ಬಿದ್ದರೆ ಗೋಲು, ಅದಕ್ಕೆ ಮೂರು ಅಂಕ. ತೊಲೆಯ ಮೇಲೆ ಹಾದುಹೋದರೆ ಒಂದು. (2025ರಿಂದ ದೂರದಿಂದ ಹೊಡೆದರೆ ಎರಡು ಅಂಕ ಅಂತ ಮಾಡಿದ್ದಾರಂತೆ. ಅಜ್ಜಿಗೆ ಅದು ಹಿಡಿಸಿಲ್ಲ ಅಂತ ತಂಗಿ ಫೋನಿನಲ್ಲಿ ಹೇಳಿದಳು.)

ಇನ್ನು ಆ ಮೈದಾನದ ಕಥೆ. ಸಂತ ಆಲಿವರ್ ಪ್ಲಂಕೆಟ್ ಪಾರ್ಕು ಅಂತ ಅದರ ಹೆಸರು. ನಾವು ಹೋದಾಗ ಹಸಿರು ಹುಲ್ಲಿನ ಮೇಲೆ ಕಪ್ಪು-ಹಳದಿ ಅಂಗಿಯ ಪುಟ್ಟ ಮಕ್ಕಳು ಕಣಜದ ಹುಳುಗಳ ಹಾಗೆ ಚೆಂಡಿನ ಹಿಂದೆ ಓಡುತ್ತಿದ್ದರು. ಅಜ್ಜಿ ಬೇಲಿ ಹಿಡಿದು ನಿಂತು ಆಕಾಶ ತೋರಿಸಿದರು. "ಅಲ್ಲಿಂದ ಹೆಲಿಕಾಪ್ಟರು ಇಳಿಯುತ್ತಿತ್ತು. ಆಟದ ನಡುವೆಯೂ."

1969ರಿಂದ ಉತ್ತರ ಐರ್ಲೆಂಡಿನಲ್ಲಿ ಸುಮಾರು ಮೂವತ್ತು ವರ್ಷ ಗಲಭೆ, ಬಾಂಬು, ಕೊಲೆ. ಬ್ರಿಟಿಷ್ ಸೈನ್ಯ ಈ ಮೈದಾನದ ಪಕ್ಕದಲ್ಲೇ ಕೋಟೆಯಂಥ ಶಿಬಿರ ಮಾಡಿಕೊಂಡಿತು. ಕ್ಲಬ್ಬಿನ ಜಾಗದಲ್ಲೂ ಒಂದು ಪಾಲು ಹೋಯಿತು. ರಸ್ತೆಯಲ್ಲಿ ನೆಲಬಾಂಬು ಹುಗಿದಿರುತ್ತಿದ್ದರಿಂದ ಸೈನಿಕರು, ಅವರ ಊಟ, ಸಾಮಾನು ಎಲ್ಲ ಬರುತ್ತಿದ್ದದ್ದು ಹೆಲಿಕಾಪ್ಟರಿನಲ್ಲೇ. ಮಕ್ಕಳು ಆಡುತ್ತಿರುವಾಗ ನೆತ್ತಿಯ ಮೇಲೆ ಅದರ ಗಾಳಿ. ಅಭ್ಯಾಸಕ್ಕೆ ಹೊರಟ ಹುಡುಗರನ್ನು ದಾರಿಯಲ್ಲಿ ತಡೆದು ಚೀಲ ಬಿಚ್ಚಿಸುವುದು. ಮನೆಗೆ ಬರುವುದು ಹತ್ತು ನಿಮಿಷ ತಡವಾದರೆ ತಾಯಂದಿರಿಗೆ ಜೀವದಲ್ಲಿ ಜೀವ ಇಲ್ಲ. ಇನ್ನೊಂದು ಕಡೆ ಆ ಸುತ್ತಿನಲ್ಲಿ ಸತ್ತ ಸೈನಿಕರೂ ಬಹಳ. "ಅವರೂ ಹತ್ತೊಂಬತ್ತು ಇಪ್ಪತ್ತರ ಹುಡುಗರು. ಅವರಿಗೂ ತಾಯಿ ಇದ್ದಳು" ಅಂದರು ಅಜ್ಜಿ. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಆದರೆ ಆಟ ನಿಲ್ಲಲಿಲ್ಲ. ಬೇರೆ ಕಡೆ ಹೋಗಿ ಆಡೋಣ ಅಂತ ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ಜಾಗಕ್ಕಾಗಿ ಅರ್ಜಿ ಬರೆದರು, ಜಗಳವಾಡಿದರು, ಮಿಕ್ಕಿದ್ದರಲ್ಲಿ ಆಡಿದರು. ನಮ್ಮ ಮನೆಯ ಹಿಂದೆ ನನ್ನ ಮಗ ಲಗೋರಿ ಆಡುತ್ತಿದ್ದ ಬಯಲೊಂದಿತ್ತು. ಈಗ ಅಲ್ಲಿ ಅಂಗಡಿ ಮಳಿಗೆಗಳು. ಅಗೆಯಲು ಬಂದ ದಿನ ನಾವೆಲ್ಲ ಕಿಟಕಿಯಿಂದ ನೋಡಿದೆವು, ನಾನೂ ಸೇರಿ. ಬೇಲಿ ಹಿಡಿದು ನಿಂತ ಆ ಅಜ್ಜಿಯ ಪಕ್ಕದಲ್ಲಿ ಅದು ನೆನಪಾಗಿ ಮನಸ್ಸಿಗೆ ಕಸಿವಿಸಿಯಾಯಿತು.

1996ರಿಂದ 2008ರ ತನಕ, ಹದಿಮೂರು ವರ್ಷ ಒಂದೂ ಬಿಡದೆ, ಅರ್ಮಾ ಕೌಂಟಿಯ ಪಟ್ಟ ಈ ಕ್ಲಬ್ಬಿನದೇ. 1997ರಲ್ಲಿ ಮೊದಲ ಅಖಿಲ ಐರ್ಲೆಂಡ್ ಗೆಲುವು ಬಂದಾಗ ಶಿಬಿರ ಇನ್ನೂ ಇತ್ತು. 1998ರಲ್ಲಿ ಶಾಂತಿ ಒಪ್ಪಂದವಾಯಿತು. 2007ರಲ್ಲಿ ಸೈನ್ಯ ಅಲ್ಲಿಂದ ಹೊರಟುಹೋಯಿತು. ಅದೇ ವರ್ಷ ಕ್ಲಬ್ಬು ನಾಲ್ಕನೆಯ ಪಟ್ಟ ಗೆದ್ದಿತು.

ಮೊದಲ ಮೂರು ಗೆಲುವಿನ ಗುರು ಜೋ ಕರ್ನನ್, ಅದೇ ಊರಿನವರು. 1977ರಲ್ಲಿ ಅರ್ಮಾ ತಂಡ ಫೈನಲಿನಲ್ಲಿ ಡಬ್ಲಿನ್ನಿಗೆ ಸೋತಾಗ ಎರಡು ಗೋಲು ಹೊಡೆದಿದ್ದರು. ಸೋತವರಿಗೂ ಒಂದು ಫಲಕ ಕೊಟ್ಟಿದ್ದರಂತೆ. 2002ರಲ್ಲಿ ಅವರೇ ಅರ್ಮಾ ತಂಡದ ಗುರು. ಕೆರ್ರಿ ಎದುರು ಅರ್ಧ ಆಟಕ್ಕೆ ಹಿಂದೆ ಬಿದ್ದಿದ್ದಾರೆ. ಹುಡುಗರ ಮುಂದೆ ಆ ಹಳೆಯ ಫಲಕ ತೋರಿಸಿ, ನಿಮಗೂ ಇದೇ ಬೇಕಾ ಅಂತ ಗೋಡೆಗೆ ಬೀಸಿ ಹೊಡೆದರಂತೆ. ಇಪ್ಪತ್ತೈದು ವರ್ಷ ಜೋಪಾನ ಮಾಡಿದ ಸಾಮಾನು!

ಅದೇ ಆಟದಲ್ಲಿ ಕ್ರಾಸ್‌ಮಗ್ಲೆನ್ನಿನ ಓಶೀನ್ ಮೆಕಾನ್ವಿಲ್ ಅನ್ನುವವರು ಮೊದಲರ್ಧದಲ್ಲಿ ಪೆನಾಲ್ಟಿ ಕಳೆದುಕೊಂಡಿದ್ದರು. ಎರಡನೆಯ ಅರ್ಧದಲ್ಲಿ ಅವರೇ ಗೋಲು ಹೊಡೆದರು. ಅರ್ಮಾ ಒಂದು ಗೋಲು ಹನ್ನೆರಡು ಅಂಕ, ಕೆರ್ರಿ ಹದಿನಾಲ್ಕು ಅಂಕ. ಗೋಲಿಗೆ ಮೂರರಂತೆ ಕೂಡಿಸಿ ನೋಡಿ, ಒಂದರಲ್ಲಿ ಗೆದ್ದರು.

ಊರೆಲ್ಲ ಹೆಗಲ ಮೇಲೆ ಹೊತ್ತು ಮೆರೆಸಿದ ಆ ಹುಡುಗನೊಳಗೆ ಏನಿತ್ತು ಅನ್ನುವುದು ಆಮೇಲೆ ತಿಳಿದದ್ದು. ಚಿಕ್ಕಂದಿನಿಂದ ಜೂಜಿನ ಚಟ. ಸಾಲದ ಮೇಲೆ ಸಾಲ, ಸುಳ್ಳಿನ ಮೇಲೆ ಸುಳ್ಳು. ಕೊನೆಗೆ ಚಿಕಿತ್ಸೆಗೆ ಸೇರಿದರು. ಬಿಟ್ಟ ಮೇಲೆ ಮುಚ್ಚಿಡಲಿಲ್ಲ. 2007ರಲ್ಲಿ ತಮ್ಮ ಕಥೆಯನ್ನು 'ದಿ ಗ್ಯಾಂಬ್ಲರ್' ಎಂಬ ಪುಸ್ತಕವಾಗಿ ಹೊರತಂದರು. ಚಟಕ್ಕೆ ಬಿದ್ದವರಿಗೆ ಬುದ್ಧಿ ಹೇಳುವ ಸಲಹೆಗಾರರಾದರು. ಕ್ಲಬ್ಬು ಅವರನ್ನು ದೂರ ಮಾಡಲಿಲ್ಲ. 2007ರ ಗೆಲುವಿನಲ್ಲಿ ಅವರೂ ಆಡಿದ್ದರು.

ಇದನ್ನು ತಂಗಿ ಹೇಳುವಾಗ ನಾನು ಅವಳ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು. ನಮ್ಮಣ್ಣನ ಮಗ ಕ್ರಿಕೆಟ್ ಪಂದ್ಯಕ್ಕೆ ಮೊಬೈಲಿನಲ್ಲಿ ದುಡ್ಡು ಕಟ್ಟಿ ಕಟ್ಟಿ, ಅತ್ತಿಗೆಯ ಎರಡು ಬಳೆ ಅಡವಿಗೆ ಹೋದದ್ದು ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಮರ್ಯಾದೆ ಅಂತ ಎಲ್ಲರೂ ಬಾಯಿ ಕಟ್ಟಿಕೊಂಡು ಕೂತಿದ್ದೆವು. ಊರಿಗೆ ಬಂದ ಮೇಲೆ ಅತ್ತಿಗೆಯ ಎದುರು ಈ ಓಶೀನ್ ಕಥೆ ಹೇಳಿದೆ. ಅತ್ತಿಗೆ ಕೇಳಿಕೊಂಡು ಅಕ್ಕಿ ಆರಿಸುತ್ತಲೇ ಇದ್ದರು. ನಾಲ್ಕು ದಿನ ಬಿಟ್ಟು ಫೋನು ಮಾಡಿ, "ಅವನನ್ನ ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ತಿದ್ದೀನಿ. ನೀನೂ ಜೊತೆಗೆ ಬರ್ತೀಯಾ?" ಅಂದರು. ಅವರ ಒಪ್ಪಿಗೆ ಕೇಳಿಯೇ ಇಲ್ಲಿ ಬರೆದಿದ್ದೇನೆ.

ಹೆಂಗಸರ ಮಾತಿಗೆ ಬರುತ್ತೇನೆ. ಅಜ್ಜಿಯ ಕಾಲದಲ್ಲಿ ಹೆಂಗಸರ ಪಾಲು ಅಂದರೆ ಚಹಾ ಕಾಯಿಸುವುದು, ಬ್ರೆಡ್ಡಿಗೆ ಬೆಣ್ಣೆ ಸವರುವುದು, ಕೆಸರಾದ ಹದಿನೈದು ಅಂಗಿ ಒಗೆಯುವುದು. ಹೆಂಗಸರ ಗೇಲಿಕ್ ಫುಟ್‌ಬಾಲ್ ಸಂಘ ಶುರುವಾದದ್ದೇ 1974ರಲ್ಲಿ, ಗಂಡಸರದು ಹುಟ್ಟಿ ತೊಂಬತ್ತು ವರ್ಷಕ್ಕೆ. 2019ರಲ್ಲಿ ಅವರ ಫೈನಲ್ ನೋಡಲು ಕ್ರೋಕ್ ಪಾರ್ಕಿಗೆ 56,114 ಜನ ಬಂದಿದ್ದರು. ಅವತ್ತು ಮೈದಾನದಲ್ಲಿ ಹುಡುಗರ ನಡುವೆ ಎರಡು ಜಡೆಯ ಒಂದು ಹುಡುಗಿ ಎಲ್ಲರನ್ನೂ ತಳ್ಳಿಕೊಂಡು ಮುನ್ನುಗ್ಗುತ್ತಿದ್ದಳು. ಅಜ್ಜಿ ಸೀಟಿ ಹೊಡೆದರು. ನಿಜವಾಗಿ, ಎರಡು ಬೆರಳು ಬಾಯಲ್ಲಿಟ್ಟು!

ವಾಪಸು ಬಂದು ಅಜ್ಜಿ ತಮ್ಮ ಮನೆಯಲ್ಲಿ ಸೋಡಾ ರೊಟ್ಟಿ ಮಾಡಿಕೊಟ್ಟರು. ಓವನ್ ಬೇಡ, ಕಾವಲಿ ಸಾಕು, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ. ಎರಡು ಲೋಟ ಮೈದಾ, ಅರ್ಧ ಚಮಚ ಅಡುಗೆ ಸೋಡಾ, ಅರ್ಧ ಚಮಚ ಉಪ್ಪು. ಹುಳಿ ಮಜ್ಜಿಗೆ ಸ್ವಲ್ಪ ಸ್ವಲ್ಪವೇ ಹಾಕಿ ಮೆತ್ತಗೆ ಕಲಸಿ. ನಾದಬಾರದು. ಬೆರಳು ದಪ್ಪಕ್ಕೆ ದುಂಡಗೆ ತಟ್ಟಿ, ನಾಲ್ಕು ತುಂಡು ಮಾಡಿ, ಸಣ್ಣ ಉರಿಯಲ್ಲಿ ಎರಡೂ ಕಡೆ ಏಳೆಂಟು ನಿಮಿಷ ಬೇಯಿಸಿ. ಬಿಸಿಯಿರುವಾಗ ಬೆಣ್ಣೆ. ನಾನು ಜೊತೆಗೆ ನಮ್ಮ ಮಾವಿನಕಾಯಿ ಉಪ್ಪಿನಕಾಯಿ ಇಟ್ಟೆ. ಅಜ್ಜಿ ಎರಡು ಲೋಟ ನೀರು ಕುಡಿದು ಇನ್ನೊಂದು ಹೋಳು ಕೇಳಿದರು.

ನಾನು ಹೊರಡುವ ಹಿಂದಿನ ದಿನ ಕೂಸಿಗೆ ಅಂತ ಅಂಗೈಯಗಲದ ಕಪ್ಪು-ಹಳದಿ ಅಂಗಿ ತಂದರು. "ಇವನು ನ್ಯೂರಿಯಲ್ಲಿ ಹುಟ್ಟಿದವನು, ನಿಮ್ಮ ಕ್ಲಬ್ಬಿಗೆ ಆಡೋ ಹಾಗಿಲ್ಲವಲ್ಲ ಅಜ್ಜಿ?" ಅಂದಳು ತಂಗಿ. ನ್ಯೂರಿ ಊರಿನ ನಡುವೆ ನದಿ ಹರಿಯುತ್ತದೆ. ಒಂದು ದಡ ಡೌನ್ ಕೌಂಟಿ, ಇನ್ನೊಂದು ಅರ್ಮಾ. ಅಜ್ಜಿ ಕಿಟಕಿಯ ಹತ್ತಿರ ಹೋಗಿ, ನದಿ ಯಾವ ಕಡೆಗಿದೆ ಅಂತ ಗಂಭೀರವಾಗಿ ನೋಡಿ, "ಅರ್ಮಾ ಕಡೆಯವನೇ. ಅಷ್ಟು ಸಾಕು" ಅಂತ ಹೇಳಿ, ನಿದ್ದೆ ಮಾಡುತ್ತಿದ್ದ ಕೂಸಿನ ಹೊಟ್ಟೆಯ ಮೇಲೆ ಅಂಗಿ ಹಾಸಿ ಅಳತೆ ನೋಡಿದರು.