ಪಾಯ ತೆಗೆಯುವ ಮುನ್ನ

ಯುಗಾದಿ ಕಳೆದ ಮೇಲೆ ಅರಳಗುಪ್ಪೆಯ ನಮ್ಮ ತೋಟದಲ್ಲಿ ಮಗ ಹೊಸ ಮನೆ ಕಟ್ಟಿಸಲು ಹೊರಟ. ಮರುದಿನ ಏಳು ಗಂಟೆಗೆ ಜೆಸಿಬಿ ಬರಬೇಕಿತ್ತು. "ಒಂದು ದಿನ ತಡಿಯಪ್ಪ, ಮೊದಲು ಗುದ್ದಲಿಯಲ್ಲಿ ನಾಲ್ಕು ಕಡೆ ಅಗೆದು ನೋಡೋಣ" ಎಂದೆ. "ನಿಧಿ ಏನಾದ್ರೂ ಇದೆಯಾ ಅಪ್ಪ?" ಎಂದು ಅವನು ನಕ್ಕ. ಮೊಮ್ಮಗಳು ಮಾತ್ರ "ಯಾಕೆ ತಾತ?" ಎಂದು ಪಕ್ಕದಲ್ಲಿ ಕೂತಳು.

ಅವಳಿಗೆ ನನ್ನ ಹಳೆಯ ತಪ್ಪೊಂದನ್ನು ಹೇಳಿದೆ. ನನಗೆ ಹತ್ತು ವರ್ಷವಿದ್ದಾಗ ಅಪ್ಪ ತೆಂಗಿನ ಸಸಿಗೆ ಗುಂಡಿ ತೆಗೆಸುತ್ತಿದ್ದರು. ಸೊಂಟದಾಳದಲ್ಲಿ ಮಡಕೆ ಚೂರುಗಳು ಬಂದವು. ಒಳಗೆ ಕಪ್ಪು, ಹೊರಗೆ ಕೆಂಪು, ಕನ್ನಡಿಯಂತೆ ನುಣುಪು. ನಾವು ಹುಡುಗರು ಅವನ್ನು ಲಗೋರಿಗೆ ಜೋಡಿಸಿ, ಹೊಡೆದು ಹೊಡೆದು ಪುಡಿ ಮಾಡಿದೆವು. ಬ್ಯಾಂಕಿಗೆ ಸೇರಿದ ಮೇಲೆ ಒಂದು ಪುಸ್ತಕದಲ್ಲಿ ಅಂಥದೇ ಮಡಕೆಗಳ ಚಿತ್ರ ಕಂಡೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ವೀಲರ್ ಅಗೆಸಿದಾಗ ಸಿಕ್ಕವು, ಎರಡು ಸಾವಿರ ವರ್ಷಕ್ಕೂ ಹಳೆಯವು. ನಮ್ಮ ಚೂರುಗಳೂ ಅಷ್ಟೇ ಹಳೆಯವೋ ಏನೋ, ಈಗ ಯಾರಿಗೆ ತೋರಿಸಲಿ?

ನಮ್ಮೂರಿನ ಕಲ್ಲೇಶ್ವರ ಗುಡಿಯ ಮೇಲ್ಛಾವಣಿಯಲ್ಲಿ ಕುಣಿಯುವ ಶಿವನನ್ನು ನೋಡಲು ದೂರದಿಂದ ಜನ ಬರುತ್ತಾರೆ. ನೆಲದ ಮೇಲಿರುವುದು ಎಲ್ಲರಿಗೂ ಕಾಣುತ್ತದೆ. ನೆಲದೊಳಗಿನದು ಅಗೆಯುವವನ ಕಣ್ಣಿಗೆ ಒಂದೇ ಒಂದು ಸಲ ಕಾಣುತ್ತದೆ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ರೈಲ್ವೆ ಕೆಲಸಕ್ಕೆ ಅಗೆದಾಗ ರೋಮ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ಸಿಕ್ಕವು. ವಿಮಾನ ತಯಾರಿಸುವ ಎಚ್‌ಎಎಲ್ ಜಾಗದಲ್ಲೂ ಸಿಕ್ಕಿವೆ. ಹುಡುಕಲು ಹೋಗಿ ಸಿಕ್ಕಿದ್ದಲ್ಲ, ಅದೃಷ್ಟಕ್ಕೆ ಕಣ್ಣಿಗೆ ಬಿದ್ದದ್ದು.

ಅದೃಷ್ಟವನ್ನು ನಂಬದವರೂ ಇದ್ದಾರೆ. ಇಂಗ್ಲೆಂಡಿನ ಸ್ಟೋನ್‌ಹೆಂಜ್ ಬಳಿ ಲಾರ್ಕ್‌ಹಿಲ್ ಎಂಬ ಸೇನಾ ನೆಲೆಯಿದೆ. ಜರ್ಮನಿಯಿಂದ ವಾಪಸಾಗುವ ಸೈನಿಕರ ಕುಟುಂಬಗಳಿಗೆ ಅಲ್ಲಿ ಮನೆ ಕಟ್ಟಬೇಕಿತ್ತು. ಪಾಯಕ್ಕೆ ಮೊದಲು ಪುರಾತತ್ವದವರು ಬಂದು ಅಗೆದು ನೋಡಿದರು. ಮೊದಲ ಮಹಾಯುದ್ಧದ ಸೈನಿಕರು ಅಭ್ಯಾಸಕ್ಕೆ ತೋಡಿದ್ದ ಕಂದಕ, ಸುರಂಗಗಳು ಸಿಕ್ಕವು. 2016ರಲ್ಲಿ ಸುಮಾರು 5,600 ವರ್ಷ ಹಿಂದಿನ, ಸ್ಟೋನ್‌ಹೆಂಜ್‌ಗಿಂತಲೂ ಹಳೆಯ ಕಂದಕಗಳ ಆವರಣವೊಂದು ಬೆಳಕಿಗೆ ಬಂತು. ಕಂಡದ್ದನ್ನೆಲ್ಲ ಅಳೆದು, ಫೋಟೋ ತೆಗೆದು, ನಕ್ಷೆಗೆ ಏರಿಸಿದರು. ಸೈನಿಕರಿಗೆ ಮನೆಗಳೂ ಆದವು.

"ಬ್ಯಾಂಕಿನಲ್ಲಿ ಸಂಜೆ ಲೆಕ್ಕ ತಾಳೆಯಾಗದೆ ನಾವು ಎದ್ದು ಹೋಗುತ್ತಿರಲಿಲ್ಲ. ಇದೂ ಹಾಗೇ" ಎಂದೆ. ಮಗ ಮಾತಾಡದೆ ಫೋನ್ ಮಾಡಿ ಜೆಸಿಬಿಯನ್ನು ಒಂದು ದಿನ ಮುಂದಕ್ಕೆ ಹಾಕಿದ.

ನಾಲ್ಕು ಗುಂಡಿ ತೆಗೆದೆವು. ತೆಂಗಿನ ಬೇರು, ಕೆಂಪು ಮಣ್ಣು, ಒಂದು ಮಂಗಳೂರು ಹೆಂಚಿನ ತುಂಡು, ಅಷ್ಟೇ. ನನ್ನ ಮುಖ ಸಪ್ಪಗಾಯಿತೇನೋ. ಮೊಮ್ಮಗಳು ತನ್ನ ನೋಟುಪುಸ್ತಕದಲ್ಲಿ ತೋಟದ ನಕ್ಷೆ ಬರೆದು, ನಾಲ್ಕು ಗುಂಡಿ ಗುರುತಿಸಿ, ತಾರೀಕು ಹಾಕಿ, ಕೆಳಗೆ "ಏನೂ ಇಲ್ಲ, ನೋಡಿದ್ದೇವೆ" ಎಂದು ಬರೆದಳು. ನನ್ನ ಕೈಲಿ ರುಜು ಹಾಕಿಸಿಕೊಂಡಳು.

ಎಷ್ಟೋ ವರ್ಷಗಳ ಮೇಲೆ ಹಾಕಿದ ಆ ರುಜು ಮನಸ್ಸಿಗೆ ಹಿತವೆನಿಸಿತು. ಮಕ್ಕಳೇ, ನಿಮ್ಮ ಮನೆಯ ಪಾಯ ತೆಗೆಯುವಾಗ ನೀವೂ ಒಮ್ಮೆ ಬಗ್ಗಿ ನೋಡಿ. ಏನಾದರೂ ಕಂಡರೆ ಮುಟ್ಟದೆ, ಕೆಲಸ ನಿಲ್ಲಿಸಿ, ತಹಸೀಲ್ದಾರರಿಗೆ ತಿಳಿಸಲು ದೊಡ್ಡವರಿಗೆ ಹೇಳಿ. ಲಗೋರಿಗೆ ಬೇರೆ ಕಲ್ಲು ಸಿಗುತ್ತವೆ.