ಡ್ರಮ್ಸಿನಿಂದ ಡೋಲಿಗೆ
ಹ್ಯೂಮನ್ ಬಾಂಡೇಜ್ 1970ರ ದಶಕದಲ್ಲಿ ಬೆಂಗಳೂರಿನಲ್ಲಿ ಹೆಸರು ಮಾಡಿದ ರಾಕ್ ತಂಡ. ಹೆಚ್ಚಾಗಿ ನುಡಿಸುತ್ತಿದ್ದುದು ಪಾಶ್ಚಾತ್ಯ ತಂಡಗಳ ಹಾಡುಗಳನ್ನೇ. ಆಗಿನ ಇಂಥ ತಂಡಗಳಿಗೆ ಗ್ರಾಮಫೋನ್ ತಟ್ಟೆಯೇ ಗುರು. ಗಿಟಾರ್ ಸುರೇಶ್ ಶೋಟ್ಟಮ್ ಅವರದು, ಡ್ರಮ್ಸ್ ಅವರ ಸಹೋದರ ರಮೇಶ್ ಅವರದು. ಗಾಯಕಿ ರಾಧಾ ಥಾಮಸ್ ಮುಂದೆ ನ್ಯೂಯಾರ್ಕಿನಲ್ಲಿ ಜಾಝ್ ಹಾಡಿ, ಬೆಂಗಳೂರಿಗೆ ಮರಳಿ ಸ್ವಂತ ತಂಡ ಕಟ್ಟಿದರು. ರಮೇಶ್ ಅವರ ದಾರಿ ಇನ್ನೂ ಕುತೂಹಲದ್ದು. ಹುಟ್ಟಿದ್ದು ಮದ್ರಾಸಿನಲ್ಲಾದರೂ ಕರ್ನಾಟಕ ಸಂಗೀತದ ತಾಳವಾದ್ಯಗಳತ್ತ ಹೊರಳಿದ್ದು ರಾಕ್ ನುಡಿಸಿಯಾದ ಮೇಲೆ! ಟಿ.ಎ.ಎಸ್. ಮಣಿ 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್‌ನಲ್ಲಿ ಅವರು ತವಿಲ್ ಕಲಿತರು, ಅಂದರೆ ನಾಗಸ್ವರದ ಜೊತೆಗಿನ ಡೋಲು. ನಂತರ ಜರ್ಮನಿಯ ಕಲೋನ್‌ನಲ್ಲಿ ನೆಲೆಸಿ, ತವಿಲ್, ಘಟ, ಮೋರ್ಸಿಂಗ್‌ಗಳನ್ನು ಯೂರೋಪಿನ ಜಾಝ್ ವೇದಿಕೆಗಳಿಗೆ ಒಯ್ದರು.