ಐದು ಅಂಕದ ಮಾತು

ಮೊಮ್ಮಗಳು ಸಿಬಿಎಸ್‌ಇ ಒಂಬತ್ತನೇ ತರಗತಿ. ಇಂಗ್ಲಿಷ್ ಕೇಳಿ ಮಾತಾಡುವುದಕ್ಕೆ ಶಾಲೆಯಲ್ಲೇ 5 ಅಂಕ. ಮೊನ್ನೆ ‘ನಮ್ಮ ಊರು’ ಎಂಬ ಭಾಷಣ ಬಾಯಿಪಾಠ ಮಾಡಿ ನನ್ನೆದುರು ಗಡಗಡ ಒಪ್ಪಿಸಿದಳು. ಒಂದೂ ತಪ್ಪಿಲ್ಲ. “ಸಂತೆ ಯಾವ ವಾರ?” ಎಂದು ಇಂಗ್ಲಿಷಿನಲ್ಲೇ ಕೇಳಿದೆ. ತಡವರಿಸಿ, “ಅದು ಭಾಷಣದಲ್ಲಿ ಇಲ್ಲ ತಾತ” ಎಂದಳು.

ನನಗೆ ನಗು ಬರಲಿಲ್ಲ. ನಮ್ಮ ಕಾಲಕ್ಕೆ ಇಂಗ್ಲಿಷ್ ಎಂದರೆ ವ್ಯಾಕರಣ, ಪತ್ರಲೇಖನ. ಮಾತಿಗೆ ಪರೀಕ್ಷೆಯೇ ಇರಲಿಲ್ಲ. ಬಿಕಾಂ ಮುಗಿಸಿ ಬ್ಯಾಂಕ್ ಸೇರಿದೆ. ಪತ್ರ ಬರೆಯುವುದರಲ್ಲಿ ಎತ್ತಿದ ಕೈ. ಫೋನ್ ಬಂದರೆ ಮಾತ್ರ ಲೆಡ್ಜರ್ ಹುಡುಕುವ ನೆಪದಲ್ಲಿ ಒಳಗೆ ಓಡುತ್ತಿದ್ದೆ. ಒಮ್ಮೆ ಕನ್ನಡ ಬಾರದವರೊಬ್ಬರು, ಪಾಸ್‌ಬುಕ್ ಕಳೆದಿದೆ, ಏನು ಮಾಡಲಿ ಎಂದು ಕೇಳಿದರು. ಉತ್ತರ ಗೊತ್ತಿತ್ತು, ನಾಲಿಗೆ ಏಳಲಿಲ್ಲ. ಚೀಟಿಯಲ್ಲಿ ಬರೆದುಕೊಟ್ಟೆ. ನನಗೆ ಮಾತೇ ಬಾರದೆಂದು ತಿಳಿದು ಅವರು ಕೈಸನ್ನೆಯಲ್ಲೇ ವಂದಿಸಿ ಹೋದರು.

ಈಗ ದಿನಾ ಸಂಜೆ ಹತ್ತು ನಿಮಿಷ ತಾತ-ಮೊಮ್ಮಗಳ ಇಂಗ್ಲಿಷ್ ಹರಟೆ. ಬಾಯಿಪಾಠ ಇಲ್ಲ, ಬರೀ ಪ್ರಶ್ನೆ, ಉತ್ತರ. ನಡುವೆ ತಡೆಯಬಾರದು, ಮಾತು ಮುಗಿದ ಮೇಲೆ ತಿದ್ದಬೇಕು ಎಂಬುದು ನಮ್ಮ ನಿಯಮ. ನಿನ್ನೆ ಆ ಚೀಟಿಯ ಕಥೆಯನ್ನು ಇಂಗ್ಲಿಷಿನಲ್ಲೇ ಹೇಳಿದೆ. ಕೊನೆಯವರೆಗೂ ಸುಮ್ಮನೆ ಕೇಳಿದವಳು, ಆಮೇಲೆ ನನ್ನ ಮೂರು ತಪ್ಪು ತಿದ್ದಿದಳು. ಅಂಕ? ಐದಕ್ಕೆ ನಾಲ್ಕು ಕೊಟ್ಟಳು.